ನಾನು ತೆಗೆಯದ ಒಂದು ಅಣು

ನಮ್ಮ ಲ್ಯಾಬಿನಲ್ಲಿ ಕೆಲಸ ಶುರುವಾಗುವುದೇ ನೀರು ತೆಗೆಯುವುದರಿಂದ. ಪ್ರೋಟೀನಿನ ರಚನೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಕೂಡಲೇ ಅದಕ್ಕೆ ಅಂಟಿಕೊಂಡ ನೀರಿನ ಅಣುಗಳನ್ನೆಲ್ಲ ಅಳಿಸಬೇಕು. ಅದಕ್ಕೊಂದು ಪ್ರೋಗ್ರಾಂ ಇದೆ, ನಮ್ಮ ಗೈಡ್ ತಾವು ವಿದ್ಯಾರ್ಥಿಯಾಗಿದ್ದಾಗ ಬರೆದದ್ದು. ಹೊಸಬರಿಗೆ ಬಂದ ದಿನವೇ ಅದನ್ನು ಪ್ರಸಾದದಂತೆ ಕೊಡುತ್ತಾರೆ. ಯಾಕೆ ಅಳಿಸಬೇಕೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಬಿಸಿಗೆ ಕೆಡದ ಒಂದು ಕಿಣ್ವವನ್ನು ವಿನ್ಯಾಸ ಮಾಡುವುದು ನನ್ನ ಪಿಎಚ್‌ಡಿ ಕೆಲಸ. ಮೂರು ಸಲ ಮಾಡಿದೆ. ತೆರೆಯ ಮೇಲೆ ಮೂರೂ ಚಂದ. ಪಕ್ಕದ ಕೋಣೆಯ ಗೆಳತಿ ಅವನ್ನು ನಿಜವಾಗಿ ತಯಾರಿಸಿ ಬಿಸಿ ಮಾಡಿದರೆ ಮೂರೂ ಒಡೆದ ಹಾಲು. ಇನ್ನೊಮ್ಮೆ ಕೆಟ್ಟರೆ ವಿಷಯವನ್ನೇ ಬದಲಿಸಿ ಎಂದರು ಗೈಡ್. ನಾಲ್ಕು ವರ್ಷದ ದುಡಿಮೆ ಮಣ್ಣುಪಾಲು!

ಆ ಭಾನುವಾರ ಈ ಮರಾಠಿ ಊರಿನ ಕೋಥರೂಡ್ ಬಡಾವಣೆಯ ನಮ್ಮ ಮನೆಯಲ್ಲಿ ಸಿಟ್ಟಿನಿಂದಲೇ ರೊಟ್ಟಿ ಬಡಿಯಲು ಕುಳಿತೆ. ಎಲ್ಲ ರೊಟ್ಟಿಯೂ ಬಿರುಕು.

"ಎಸರು ಹಾಕೋದ್ರಾಗ ಯಾಕ ಜಿಪುಣತನ ಮಾಡ್ತಿ? ಜೋಳಕ್ಕ ತನ್ನದ ಅಂತ ಜಿಗಿ ಎಲ್ಲದ? ಆ ಬಿಸಿನೀರ ಅದನ್ನ ಹಿಡಿಯೋದು" ಅಂದಳು ಅವ್ವ.

ಅವ್ವನಿಂದ ವಿಜ್ಞಾನ ಕಲಿತೆ ಎಂದು ಕಥೆ ಕಟ್ಟಲಾರೆ. ಆದರೆ ಸೋಮವಾರ ಹೋದವಳೇ ನೀರು ಅಳಿಸದ ಮೂಲ ರಚನೆಯನ್ನು ತೆರೆದೆ. ಪ್ರೋಟೀನಿನ ಎರಡು ಮಡಿಕೆಗಳ ನಡುವೆ ಒಂದೇ ಒಂದು ನೀರಿನ ಅಣು, ಎರಡನ್ನೂ ಹಿಡಿದುಕೊಂಡು ಕೂತಿತ್ತು. ಮೂರು ಸಲವೂ ಅದನ್ನೇ ಕಿತ್ತು ಬಿಸಾಡಿದ್ದೆ. ಈ ಸಲ ಅದಕ್ಕೆ ಜಾಗ ಉಳಿಸಿ ವಿನ್ಯಾಸ ಮಾಡಿದೆ.

ಗೈಡ್ ವಿಜಯಪುರದ ಕಡೆಯವರು. ಹೊಗಳುವಾಗ ಇಂಗ್ಲಿಷ್, ಬೈಯುವಾಗ ಕನ್ನಡ. ನನ್ನ ವಿನ್ಯಾಸ ನೋಡಿದವರೇ ಕನ್ನಡಕ್ಕೆ ಇಳಿದರು.

"ಒಂದು ಅಣುವಿನಿಂದ ಏನ್ ಆಗ್ತದ್ರಿ? ಭಾಳ ಶಾಣ್ಯಾರ ಆಗಬ್ಯಾಡ್ರಿ. ತೆಗೀರಿ ಅದನ್ನ."

"ತೆಗಿಯೂದಿಲ್ರಿ ಸರ್."

ವಿನ್ಯಾಸವನ್ನು ಹಾಗೆಯೇ ಪಕ್ಕದ ಕೋಣೆಗೆ ಕಳಿಸಿದೆ. ಗೆಳತಿ ನಾಲ್ಕನೆಯದನ್ನು ತಯಾರಿಸಿ ಬಿಸಿ ಮಾಡಿದಳು. ನಳಿಕೆ ತಿಳಿಯಾಗಿಯೇ ಉಳಿಯಿತು. ನಂಬದೆ ಮತ್ತೆರಡು ಸಲ ಮಾಡಿದೆವು. ತಿಳಿಯೇ.

ಮುಂದಿನ ವಾರ ವಿಭಾಗದ ಸಭೆಯಲ್ಲಿ ಗೈಡ್ ನನ್ನ ಚಿತ್ರವನ್ನು ತೋರಿಸಿ, ಈ ನೀರನ್ನು ನಾವು ಬೇಕೆಂದೇ ಉಳಿಸಿಕೊಂಡೆವು ಎಂದರು, ಇಂಗ್ಲಿಷಿನಲ್ಲಿ. ನಾನು ಎದ್ದು ನಿಂತೆ.

"ಉಳಿಸಿದಾಕಿ ನಾನ್ರಿ ಸರ್. ತೆಗೀರಿ ಅಂದವರು ನೀವು."

ಸಭೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಹಾಗಾಗಿ ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ. ನನ್ನ ಪ್ರಬಂಧಕ್ಕೆ ಅವರ ಸಹಿ ಇನ್ನೂ ಬೀಳಬೇಕಿತ್ತು.