ಹತ್ತನೆಯದಕ್ಕೆ ಕಾದಿದ್ದ ಅಜ್ಜ

ಚಳಿ ಶುರುವಾಯಿತೆಂದು ಮೊನ್ನೆ ಉಣ್ಣೆ ಬಟ್ಟೆಗಳ ಪೆಟ್ಟಿಗೆ ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಪಕ್ಕದ ಮನೆಯ ಅಜ್ಜ ನೆನಪಾದರು. ಅರ್ಧ ಕೆಂಪು, ಅರ್ಧ ಕಡುನೀಲಿ ಬಣ್ಣದ ಅವರ ಮಫ್ಲರ್ ಎಲ್ಲಕ್ಕಿಂತ ಮೇಲೆ ಮಡಿಸಿಟ್ಟ ಹಾಗೇ ಇತ್ತು. ಸುತ್ತಿಕೊಳ್ಳಲೋ, ಹಾಗೇ ಇಡಲೋ ಎಂದು ಪ್ರತಿ ಚಳಿಗಾಲವೂ ನನಗೆ ಇದೇ ಗೊಂದಲ...

ಅದು ಕೊರೊನಾದ ಮೊದಲ ವರ್ಷ. ಜಪಾನಿನ ಯೋಕೋಹಾಮಾದಲ್ಲಿ, ಬಂದರಿನ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ ಇದ್ದೆ. ಕಾರುಗಳ ಬ್ರೇಕ್ ಪರೀಕ್ಷಿಸುವ ಕೆಲಸ ನನ್ನದು. ಮನೆಯಲ್ಲಿ ಕೂತು ಬ್ರೇಕ್ ಪರೀಕ್ಷಿಸುವುದು ಹೇಗೆಂದು ನನಗೂ ಗೊತ್ತಿರಲಿಲ್ಲ, ನನ್ನನ್ನು ಮನೆಯಲ್ಲಿ ಕೂರಿಸಿದವರಿಗೂ ಗೊತ್ತಿರಲಿಲ್ಲ. ದಿನವಿಡೀ ಮೀಟಿಂಗ್, ಮಧ್ಯೆ ಮೂಲೆಯ ಕೊಂಬಿನಿ ಅಂಗಡಿಗೆ ಓಡಿ ಹಾಲು ಮೊಸರು ತರುವುದು, ಅಷ್ಟೇ ಬದುಕು.

ಇಲ್ಲಿ ಅಕ್ಕಪಕ್ಕದ ಮನೆಗಳ ಬಾಲ್ಕನಿ ಒಂದೇ ಉದ್ದಕ್ಕಿರುತ್ತದೆ, ನಡುವೆ ತೆಳ್ಳನೆಯ ಹಲಗೆಯೊಂದು. ಬೆಂಕಿ ಬಿದ್ದರೆ ಒಡೆದು ಆಚೆ ಮನೆಗೆ ಹೋಗಿ ಎಂದು ಅದರ ಮೇಲೆ ಬರೆದಿರುತ್ತದೆ. ಒಂದು ಬೆಳಿಗ್ಗೆ ಬಟ್ಟೆ ಹರವುತ್ತಿದ್ದಾಗ ಆಚೆಯಿಂದ ಯಾರೋ ಟಕಟಕ ತಟ್ಟಿದರು.

"ಸುಮಿಮಾಸೆನ್, ಕ್ಷಮಿಸಿ... ಇಂಡಿಯಾ-ಸಾನ್, ನಿಮಗೆ ಕ್ರಿಕೆಟ್ ಬರುತ್ತಲ್ಲವೆ?"

ನನ್ನ ಹೆಸರು ಪಕ್ಕದ ಮನೆಯ ಅಜ್ಜನ ನಾಲಗೆಗೆ ಹೊರಳದೆ, ದೇಶದ ಹೆಸರಿಗೇ ಗೌರವದ 'ಸಾನ್' ಸೇರಿಸಿ ನನಗೆ ಇಟ್ಟಿದ್ದರು. ಅಯ್ಯೋ ರಾಮ, ನನಗೆ ಕ್ರಿಕೆಟ್ ಕಂಡರಾಗದು! ಮೈಸೂರಿನ ಮನೆಯಲ್ಲಿ ಅಣ್ಣ ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಐದೈದು ದಿನ ಟಿವಿ ಮುಂದೆ ಕೂತದ್ದನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೆ ಇಂಡಿಯಾದವಳು ಗೊತ್ತಿಲ್ಲ ಅಂದರೆ ದೇಶದ ಮರ್ಯಾದೆ ಏನಾಗಬೇಕು? ಗೊತ್ತು ಅಂದುಬಿಟ್ಟೆ.

ಅಜ್ಜ ಪ್ರಾಯದಲ್ಲಿ ಸರಕು ಹಡಗಿನ ಅಡುಗೆಯವರಾಗಿದ್ದರಂತೆ. ಇಟಲಿಯ ಒಂದು ಬಂದರಿನಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದಾಗ ಹಡಗು ಇವರನ್ನು ಬಿಟ್ಟು ಹೋಗಿತ್ತು. ಗುರುತಿಲ್ಲದ ಬಂದರು ಕೂಲಿಗಳು ಕರೆದೊಯ್ದು ಊಟ ಹಾಕಿದ್ದರು, ಭಾನುವಾರ ತಮ್ಮೂರಿನ ತಂಡದ ಫುಟ್‌ಬಾಲ್ ನೋಡಲು ಕೂರಿಸಿದ್ದರು. ತಂಡ ಸೋತಿತು. ಆದರೂ ಒಬ್ಬ ಮುದುಕ ತನ್ನ ಮಫ್ಲರ್ ಬಿಚ್ಚಿ ಇವರ ಕುತ್ತಿಗೆಗೆ ಸುತ್ತಿದ. ಅಲ್ಲಿಂದಾಚೆಗೆ ಅಜ್ಜ ಆ ತಂಡದವರೇ.

ಅದು ಅಂತಿಂಥ ತಂಡವಲ್ಲ ಎಂದು ಹಲಗೆಯ ಆಚೆಯಿಂದ ಆಗಾಗ ಹೇಳುತ್ತಿದ್ದರು. ಇಟಲಿಯ ಬಹಳ ಹಳೆಯ ತಂಡಗಳಲ್ಲೊಂದು, ಇಂಗ್ಲಿಷಿನವರು ಕಟ್ಟಿದ್ದು. ಆ ದೇಶದ ಮೊಟ್ಟಮೊದಲ ಚಾಂಪಿಯನ್‌ಷಿಪ್ ಒಂದೇ ದಿನದಲ್ಲಿ ಮುಗಿದಿತ್ತು, ಗೆದ್ದದ್ದು ಇವರೇ. ಹಾಗೆ ಒಂಬತ್ತು ಸಲ ಗೆದ್ದರು. ಹತ್ತು ಗೆದ್ದ ತಂಡ ಎದೆಯ ಲಾಂಛನದ ಮೇಲೆ ಒಂದು ನಕ್ಷತ್ರ ಹಾಕಿಕೊಳ್ಳಬಹುದು ಎಂಬುದು ಅಲ್ಲಿನ ಪದ್ಧತಿ. ಒಂಬತ್ತನೆಯದಾಗಿ ನೂರು ವರ್ಷವಾಗುತ್ತ ಬಂದಿತ್ತು, ಹತ್ತನೆಯದು ಬಂದಿರಲಿಲ್ಲ. ನಮ್ಮ ಜಪಾನಿನ ಆಟಗಾರನೂ ಒಬ್ಬ ಅಲ್ಲಿ ಒಂದು ವರ್ಷ ಆಡಿದ್ದ, ಒಂದೇ ಒಂದು ಗೋಲು ಹೊಡೆದ, ಆ ಪಂದ್ಯವನ್ನೂ ಸೋತರು ಎಂದು ಹೇಳಿ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಇಷ್ಟೆಲ್ಲ ಇರುವ ತಂಡದ ಹೆಸರಿನಲ್ಲಿ ಫುಟ್‌ಬಾಲ್‌ಗಿಂತ ಮೊದಲು ಕ್ರಿಕೆಟ್ ಎಂಬ ಪದ ಇವತ್ತಿಗೂ ಇದೆ. ಅದೇನೆಂದು ಅಜ್ಜನಿಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

ಒಂದು ದಿನ ಮಫ್ಲರನ್ನು ಹಲಗೆಯ ಪಕ್ಕದಿಂದ ಚಾಚಿ ತೋರಿಸಿದರು. ತುದಿಯಲ್ಲಿ ತಂಡದ ಲಾಂಛನ, ಅದರ ಕೆಳಗೆ ಅವರೇ ಬಿಳಿ ದಾರದಲ್ಲಿ ಹೊಲಿದ ಒಂಬತ್ತರ ಅಂಕಿ. ಲಾಂಛನದ ಮೇಲೆ ಜಾಗ ಬಿಟ್ಟಿದ್ದರು. ಅಲ್ಲಿ ಹೊಲಿಯಲೆಂದು ಹಳದಿ ಬಟ್ಟೆಯ ನಕ್ಷತ್ರವೊಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕಾದು ಕೂತಿತ್ತು.

"ನಾನಿರುವಾಗ ಒಮ್ಮೆ ಹೊಲಿಯಬೇಕು. ಅಷ್ಟೇ ಆಸೆ," ಅಂದಿದ್ದರು.

ಸರಿ, ಮೈಸೂರಿಗೆ ಫೋನ್ ಮಾಡಿದೆ. "ಲೇ, ನೀನು ಎಲ್‌ಬಿಡಬ್ಲ್ಯೂ ಕೇಳ್ತಿದೀಯಾ? ಅಮ್ಮಾ, ಇವಳಿಗೆ ಕೊರೊನಾ ನೆತ್ತಿಗೇರಿದೆ!" ಎಂದ ಅಣ್ಣ. ಬೈದುಕೊಂಡೇ ಕಲಿತೆ, ಕಲಿತದ್ದನ್ನು ನನ್ನ ಹರಕುಮುರುಕು ಜಪಾನಿಯಲ್ಲಿ ಅಜ್ಜನಿಗೆ ಒಪ್ಪಿಸಿದೆ. ಕುರುಡ ಕುರುಡನ ಕೈಹಿಡಿದ ಹಾಗೆ ಇಬ್ಬರೂ ನಡೆದೆವು. ಐದು ದಿನ ಆಡಿ ಯಾರೂ ಗೆಲ್ಲದೆ ಕೈಕುಲುಕಿ ಹೋಗುತ್ತಾರೆ ಅಂದಾಗ ಅಜ್ಜ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಇನ್ನೊಂದು ದಿನದ ಪಾಠ ಹೀಗಿತ್ತು. ಜೊತೆಯವರೆಲ್ಲ ಔಟಾದರೂ ಒಬ್ಬ ಕೊನೆಯವರೆಗೆ ಔಟಾಗದೆ ಉಳಿಯುತ್ತಾನೆ. ಅವನ ತಂಡ ಸೋತಿರಬಹುದು. ಆದರೂ ಅವನ ರನ್ನಿನ ಪಕ್ಕ ಒಂದು ನಕ್ಷತ್ರ ಹಾಕುತ್ತಾರೆ.

"ಸೋತರೂ ನಕ್ಷತ್ರವೆ?"

"ಹೌದು. ಅವನನ್ನ ಯಾರಿಗೂ ಔಟ್ ಮಾಡೋಕೆ ಆಗ್ಲಿಲ್ಲ ಅಂತ."

ಅಜ್ಜ ಮತ್ತೇನೂ ಕೇಳದೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ನಾನು ತಪ್ಪು ಹೇಳಿದೆನೋ ಏನೋ ಎಂದು ಮತ್ತೆ ಅಣ್ಣನನ್ನು ಕೇಳಿದೆ. ಸರಿಯಾಗೇ ಹೇಳಿದ್ದೆ...

ಮರುವರ್ಷದ ಚಳಿಗಾಲ ಅಜ್ಜನ ತಂಡ ಡ್ರಾ ಮೇಲೆ ಡ್ರಾ ಮಾಡಿಕೊಂಡಿತು. "ಕ್ರಿಕೆಟ್ ಆಡುತ್ತಿದ್ದಾರೆ," ಎಂದು ಅಜ್ಜ ನಗುತ್ತಿದ್ದರು, ನಗುವಿಗಿಂತ ಕೆಮ್ಮೇ ಹೆಚ್ಚಿತ್ತು. ವಸಂತದಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಆಗ ರೋಗಿಗಳನ್ನು ನೋಡಲು ಯಾರನ್ನೂ ಬಿಡುತ್ತಿರಲಿಲ್ಲ, ಹಿರೋಷಿಮಾದಿಂದ ಬಂದ ಮಗಳನ್ನೂ ಬಿಡಲಿಲ್ಲ. ಅವರು ಅಲ್ಲಿರುವಾಗಲೇ ತಂಡ ಕೆಳಗಿನ ದರ್ಜೆಗೆ ಬಿತ್ತು. ನಕ್ಷತ್ರದ ಮಾತು ಹಾಗಿರಲಿ, ಹತ್ತನೆಯದಕ್ಕೆ ಆಡುವ ಹಕ್ಕೂ ಹೋಯಿತು. ಈ ಸುದ್ದಿ ಅವರಿಗೆ ಮುಟ್ಟಿತೋ ಇಲ್ಲವೋ, ಮುಟ್ಟಲಿ ಎನ್ನಲೋ ಬೇಡ ಎನ್ನಲೋ, ನನಗೆ ಏನೂ ತಿಳಿಯಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಅಜ್ಜ ತೀರಿಕೊಂಡರು.

ಮನೆ ಖಾಲಿ ಮಾಡುವ ದಿನ ಮಗಳು ನನ್ನ ಬಾಗಿಲಿಗೆ ಬಂದು, ಸೊಂಟ ಬಗ್ಗಿಸಿ ನಮಸ್ಕರಿಸಿ, ಮಫ್ಲರನ್ನು ಎರಡೂ ಕೈಯಲ್ಲಿ ಕೊಟ್ಟರು. ಆಸ್ಪತ್ರೆಯಿಂದ ಬಂದ ಚೀಲದಲ್ಲಿತ್ತಂತೆ. ಇಂಡಿಯಾ-ಸಾನ್‌ಗೆ ಕೊಡಬೇಕೆಂದು ಅಪ್ಪ ನರ್ಸಿಗೆ ಹೇಳಿದ್ದರಂತೆ.

"ನಕ್ಷತ್ರ ಹೊಲಿದಿದ್ದಾರೆ. ಕೊನೆಗೂ ತಂಡ ಗೆದ್ದಿತೆ?" ಎಂದು ಕೇಳಿದರು.

ಪಾಪ, ಯಾರಾದರೂ ಸಮಾಧಾನಕ್ಕೆ ಸುಳ್ಳು ಹೇಳಿದ್ದರೆ? ಅಥವಾ ಜ್ವರದಲ್ಲಿ ಅಜ್ಜನೇ ಗೆಲುವನ್ನು ಕನಸಿನಲ್ಲಿ ಕಂಡಿದ್ದರೆ? ಮಫ್ಲರ್ ಬಿಡಿಸಿ ನೋಡಿದೆ. ಲಾಂಛನದ ಮೇಲೆ ಅಷ್ಟು ವರ್ಷ ಬಿಟ್ಟಿದ್ದ ಜಾಗ ಖಾಲಿಯೇ ಇತ್ತು. ಸೊಟ್ಟ ಹೊಲಿಗೆಯಲ್ಲಿ ನಕ್ಷತ್ರ ಕೆಳಗೆ, ಒಂಬತ್ತರ ಪಕ್ಕಕ್ಕೆ ಅಂಟಿಕೊಂಡು ಕೂತಿತ್ತು.

"ಇಲ್ಲ, ಗೆಲ್ಲಲಿಲ್ಲ," ಅಂದೆ. "ಔಟಾಗಲಿಲ್ಲ."

ಮಗಳಿಗೆ ಅರ್ಥವಾಗಲಿಲ್ಲ. ವಿವರಿಸೋಣವೆಂದರೆ ನನಗೆ ಅಳು ಉಕ್ಕಿ ಬಂತು. ಇಬ್ಬರೂ ಮಾಸ್ಕಿನೊಳಗೇ ಅತ್ತೆವು.

ಮರುವರ್ಷವೇ ಆ ತಂಡ ಮೇಲಿನ ದರ್ಜೆಗೆ ಹತ್ತಿ ಬಂತು. ಫೋನಿನಲ್ಲಿ ಸುದ್ದಿ ನೋಡಿದವಳೇ ಬಾಲ್ಕನಿಗೆ ಓಡಿ ಹಲಗೆಯನ್ನು ಟಕಟಕ ತಟ್ಟಿಬಿಟ್ಟೆ. ಆಚೆಯಿಂದ ಹೊಸ ಬಾಡಿಗೆಯವರು ಗಾಬರಿಯಲ್ಲಿ "ಹೈ? ಏನಾಯಿತು?" ಎಂದರು. ಸುಮಿಮಾಸೆನ್ ಎಂದು ಒಳಗೆ ಬಂದೆ.

ಮೊನ್ನೆ ಕಡೆಗೂ ಮಫ್ಲರ್ ಸುತ್ತಿಕೊಂಡೇ ಹೊರಟೆ. ರೈಲಿನಲ್ಲಿ ಎದುರಿಗಿದ್ದ ಒಬ್ಬಾಕೆ ಒಂಬತ್ತನ್ನೂ ನಕ್ಷತ್ರವನ್ನೂ ನೋಡಿ ಇದು ಯಾವ ತಂಡದ್ದೆಂದು ಕೇಳಿದಳು.

"ನಮ್ಮ ಪಕ್ಕದ ಮನೆಯವರದು," ಅಂದೆ.