ಸಕ್ಕರೆ ಆನೆಯ ಎಡಮಗ್ಗುಲು

ನಮ್ಮ ಅವ್ವ ಸವಣೂರಿನಲ್ಲಿ ಸಕ್ಕರೆ ಆರತಿ ಮಾಡುತ್ತಾಳೆ. ನಮ್ಮ ಕಡೆ ಬೆಳೆಯದವರಿಗೆ ಇದನ್ನು ಬಿಡಿಸಿ ಹೇಳಬೇಕು. ದೀಪಾವಳಿ ಕಳೆದು ಬರುವ ಗೌರಿ ಹುಣ್ಣಿಮೆಗೆ ಮರದ ಅಚ್ಚುಗಳಲ್ಲಿ ಸಕ್ಕರೆ ಪಾಕ ಹೊಯ್ದು ಆನೆ, ನವಿಲು, ಕುದುರೆ, ಗಿಳಿ ಮಾಡುತ್ತಾರೆ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ. ಆ ವರ್ಷ ನಿಶ್ಚಯವಾದ ಹುಡುಗಿ ಇದ್ದರೆ ಗಂಡಿನ ಮನೆಯವರು ಹೊಸ ಸೀರೆಯ ಜೊತೆ ಸಕ್ಕರೆ ಆರತಿ ತಂದುಕೊಡುತ್ತಾರೆ. ಅಂಥ ತಟ್ಟೆಯಲ್ಲಿ ಅಂಬಾರಿ ಹೊತ್ತ ಆನೆಯೇ ದೊಡ್ಡದು. ಅವ್ವನ ಆನೆಗೆ ಹಿರೇಕೆರೂರು, ಶಿಗ್ಗಾಂವಿ, ತಿಳವಳ್ಳಿಯಿಂದ ಮುಂಚಿತವಾಗಿಯೇ ಹೇಳಿಕಳಿಸುತ್ತಿದ್ದರು.

ಆನೆಯ ಅಚ್ಚು ಅವ್ವನಿಗೆ ಅವಳ ಅತ್ತೆಯಿಂದ ಬಂದದ್ದು. ಎರಡು ಹೋಳಿನ ಸಾಗವಾನಿ ಅಚ್ಚು. ಒಂದರಲ್ಲಿ ಆನೆಯ ಬಲಮಗ್ಗುಲು, ಇನ್ನೊಂದರಲ್ಲಿ ಎಡಮಗ್ಗುಲು. ಎರಡನ್ನೂ ಕೂಡಿಸಿ ಹುರಿಯಿಂದ ಬಿಗಿದು, ಕಾಲ ಕಡೆಯಿಂದ ಪಾಕ ಹೊಯ್ಯುವುದು.

ಹೋದ ವರ್ಷ ದಸರೆಯ ಮುಂಚೆ ಮನೆ ಸಾರಿಸಲು ಅವ್ವ ಅಟ್ಟದ ಸಾಮಾನೆಲ್ಲ ಕೆಳಗಿಳಿಸಿದಳು. ಆನೆಯ ಅಚ್ಚಿನ ಗಂಟು ಬಿಚ್ಚಿದಾಗ ಎಡ ಹೋಳು ಕೈಯಲ್ಲೇ ಪುಡಿಯಾಯಿತು. ಹೊರಗಿನಿಂದ ಏನೂ ಆಗದಂತೆ ಕಾಣುತ್ತಿದ್ದರೂ ಒಳಗೆಲ್ಲ ಗೆದ್ದಲು ತಿಂದುಬಿಟ್ಟಿತ್ತು. ಬಲ ಹೋಳಿಗೆ ಮಾತ್ರ ಏನೂ ಆಗಿರಲಿಲ್ಲ. ಆ ಹೊತ್ತಿಗೆ ನಾನು ಹಾನಗಲ್ಲಿನಲ್ಲಿ ಕೆಲಸದಲ್ಲಿದ್ದೆ. ಅವ್ವ ಫೋನ್ ಮಾಡಿ, "ಆನಿ ಅಚ್ಚಿಗೆ ಒರಲಿ ಹತ್ತೇತಿ. ಈ ವರ್ಷ ಆನಿ ಇಲ್ಲ ಅಂತ ಹೇಳಿಬಿಡ್ತೇನಿ" ಎಂದಳು. ಅಳಲಿಲ್ಲ. ಆದರೆ ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಉಳಿದ ಹೋಳು ಹಂಗ ಇಡು. ಐತವಾರ ಬರ್ತೇನಿ" ಎಂದೆ.

ನಾನು ಕೆಲಸ ಮಾಡುವುದು ಹಲ್ಲು ತಯಾರಿಸುವ ಒಂದು ಸಣ್ಣ ಲ್ಯಾಬಿನಲ್ಲಿ. ದಂತವೈದ್ಯರು ರೋಗಿಯ ಬಾಯಿಯ ಅಳತೆಯನ್ನು ಮೇಣದಂಥ ಒಂದು ಪದಾರ್ಥದಲ್ಲಿ ಒತ್ತಿ ಕಳಿಸುತ್ತಾರೆ. ಅದರಲ್ಲಿ ಹಲ್ಲು ಇರುವುದಿಲ್ಲ, ಹಲ್ಲಿನ ಕುಳಿ ಇರುತ್ತದೆ. ಅದನ್ನು ಸ್ಕ್ಯಾನರಿನ ತಿರುಗು ತಟ್ಟೆಯ ಮೇಲಿಟ್ಟರೆ ಯಂತ್ರ ಪಟ್ಟಿ ಪಟ್ಟಿ ಬೆಳಕು ಬಿಟ್ಟು ಎಲ್ಲ ಕಡೆಯಿಂದ ಚಿತ್ರ ತೆಗೆಯುತ್ತದೆ. ಪಟ್ಟಿ ಎಲ್ಲೆಲ್ಲಿ ಹೇಗೆ ಬಾಗಿತು ಎಂಬುದರಿಂದ ಕಂಪ್ಯೂಟರು ಕುಳಿಯ ಆಳವನ್ನು ಲೆಕ್ಕ ಹಾಕುತ್ತದೆ. ಕುಳಿಯನ್ನು ಮಗುಚಿದರೆ ಪರದೆಯ ಮೇಲೆ ಹಲ್ಲು ಎದ್ದು ನಿಲ್ಲುತ್ತದೆ. ನಾನು ಮಾಡಿದ ಹಲ್ಲು ಚೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಕೆಲಸದ ಹೆಚ್ಚುಗಾರಿಕೆ ಅದೇ. ಹಾಗಾಗಿ ನಾನೇನು ಮಾಡುತ್ತೇನೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ಬಲ ಹೋಳನ್ನು ಹಾನಗಲ್ಲಿಗೆ ತಂದೆ. ಅಚ್ಚು ಸ್ಕ್ಯಾನರಿಗಿಂತ ದೊಡ್ಡದಾಗಿತ್ತು. ಮಾಲಕರನ್ನು ಕೇಳಿದಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ತುಂಡು ತುಂಡು ತೆಗದು ಜೋಡಸ್ರಿ. ಕೆಲಸ ಮುಗದ ಮ್ಯಾಲೆ ಎಷ್ಟು ಹೊತ್ತು ಬೇಕಾದ್ರೂ ಕುಂದರ್ರಿ" ಎಂದರು. ಹಾಗೆಯೇ ಮಾಡಿದೆ. ಸೊಂಡಿಲು, ತಲೆ, ಅಂಬಾರಿ, ಹಿಂಗಾಲು ಬೇರೆ ಬೇರೆಯಾಗಿ ಬಂದು ಒಂದಕ್ಕೊಂದು ಕೂಡಿಕೊಂಡವು. ಮಗುಚಿದಾಗ ಆನೆಯ ಬಲಮಗ್ಗುಲು ಎದ್ದಿತು. ಮಾವುತನ ಕಾಲಬೆರಳು ಸಹ ಎಣಿಸುವಂತಿತ್ತು.

ಇನ್ನು ಎಡಮಗ್ಗುಲು. ಮುರಿದ ಹಲ್ಲಿಗೆ ನಾವು ಮಾಡುವ ಉಪಾಯ ಒಂದಿದೆ: ಆಚೆ ಬದಿಯ ಸರಿಯಿರುವ ಹಲ್ಲನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಈಚೆ ಕೂಡಿಸುವುದು. ಆನೆಗೂ ಅದನ್ನೇ ಮಾಡಿದೆ. ಹಲ್ಲಿನ ಮಾದರಿ ತೆಗೆಯುವ ಲ್ಯಾಬಿನ 3ಡಿ ಪ್ರಿಂಟರಿನಲ್ಲಿ ಅದರ ಪ್ಲಾಸ್ಟಿಕ್ ಗೊಂಬೆ ತೆಗೆದು, ಮುಂದಿನ ಭಾನುವಾರ ಸವಣೂರಿಗೆ ಒಯ್ದು ಅವ್ವನ ಕೈಗೆ ಕೊಟ್ಟೆ.

ಅವಳು ಕಣ್ಣು ಮುಚ್ಚಿ ಎಡಗಡೆ ಹೆಬ್ಬೆರಳು ಆಡಿಸಿದಳು. "ಇದು ಆನಿ ಖರೇ. ನಮ್ಮ ಆನಿ ಅಲ್ಲ."

"ಎಲ್ಲಿ ತಪ್ಪೇತಿ?"

"ನಮ್ಮದು ಎಡಕ್ಕ ಮಾರಿ ತಿರವಿತ್ತು. ಕಿವಿ ಅಗಲ ಬಿಚ್ಚಿತ್ತು. ಇಲ್ಲೆ ಒಂದ ಗಂಟಿ ತೂಗತಿತ್ತು."

"ಎಷ್ಟ ತಿರವಿತ್ತು?"

ಅವ್ವ ತನ್ನ ಕತ್ತನ್ನೇ ತುಸು ಹೊರಳಿಸಿ ತೋರಿಸಿದಳು. ಇಬ್ಬರಿಗೂ ನಗು ಬಂತು. ಅದರಿಂದ ಅಳತೆ ಸಿಗುವಂತಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಹೊಳೆದದ್ದು ಇದು. ಎಡ ಹೋಳು ಹೋಗಿದೆ, ಆದರೆ ಅದರಿಂದ ಹುಟ್ಟಿದ ಆನೆಗಳು ವರ್ಷವರ್ಷ ಊರೂರಿಗೆ ಹೋಗಿವೆ. ಕರಗಿ ಹೋಗಿವೆ, ಮಕ್ಕಳು ತಿಂದಿದ್ದಾರೆ, ನಿಜ. ಫೋಟೋ ತೆಗೆಯದೆ ಮಾತ್ರ ಯಾರೂ ತಿಂದಿರಲಾರರು. ಒಂದೇ ಅಚ್ಚಿನವು ಎಂದ ಮೇಲೆ ಹಿರೇಕೆರೂರಿನ ಆನೆಯೂ ಶಿಗ್ಗಾಂವಿಯ ಆನೆಯೂ ಅಳತೆಯಲ್ಲಿ ಒಂದೇ. ಬೇರೆ ಬೇರೆ ಮನೆಯಲ್ಲಿ, ಬೇರೆ ಬೇರೆ ವರ್ಷ, ಬೇರೆ ಬೇರೆ ಫೋನಿನಲ್ಲಿ ತೆಗೆದಿದ್ದರೂ ಅವೆಲ್ಲ ಒಂದೇ ಆನೆಯ ಸುತ್ತ ನಿಂತು ತೆಗೆದ ಚಿತ್ರಗಳಂತೆಯೇ.

ಅವ್ವನಿಗೆ ಹೇಳಿದೆ. ಅವಳು ಅಂದೇ ಗಿರಾಕಿಗಳಿಗೆಲ್ಲ ಫೋನ್ ಹಚ್ಚಿದಳು. "ಆರತಿ ತಟ್ಟಿ ಫೋಟೋ ಇದ್ರ ನನ್ನ ಮಗಳಿಗೆ ಕಳಸ್ರಿ. ಆನಿ ಎಡಗಡಿಂದ ಕಾಣೂವಂಗ ಇದ್ರ ಛಲೋ." ಮರುದಿನದಿಂದ ನನ್ನ ಫೋನು ತುಂಬತೊಡಗಿತು. ಹೊಸ ಸೀರೆಯ ಹುಡುಗಿಯರು, ಸಾಲು ದೀಪ, ಅಜ್ಜಿಯರು, ತಟ್ಟೆಯ ನಡುವೆ ನಮ್ಮ ಆನೆ. ಒಂದರಲ್ಲಿ ಸೊಂಡಿಲು ಮುರಿದಿತ್ತು. ಇನ್ನೊಂದರಲ್ಲಿ ಯಾವುದೋ ಮಗು ಆಗಲೇ ಕಿವಿ ಕಚ್ಚಿತ್ತು. ಒಂದೊಂದು ಚಿತ್ರ ತೆರೆದಾಗಲೂ ಅವ್ವನ ಕೈ ಎಷ್ಟು ಮನೆಗಳೊಳಗೆ ಹೋಗಿ ಬಂದಿದೆ ಎಂದು ಎದೆಯುಬ್ಬಿ ಬರುತ್ತಿತ್ತು.

ಆದರೂ ಕೆಲಸ ಸಲೀಸಾಗಿರಲಿಲ್ಲ. ಚಿತ್ರಗಳಿಂದ ಆಕಾರ ಕಟ್ಟುವ ತಂತ್ರಾಂಶಕ್ಕೆ ಗುರುತುಗಳು ಬೇಕು; ಈ ಚಿತ್ರದ ಚುಕ್ಕೆಯೂ ಆ ಚಿತ್ರದ ಚುಕ್ಕೆಯೂ ಒಂದೇ ಎಂದು ಅದು ಹಿಡಿಯಬೇಕು. ಸಕ್ಕರೆ ಆನೆಯ ಮೈಮೇಲೆ ಚುಕ್ಕೆ ಎಲ್ಲಿಂದ ಬರಬೇಕು? ಬೆಳ್ಳಗೆ ನುಣ್ಣಗೆ ಹೊಳೆಯುವ ಮೈ. ತಂತ್ರಾಂಶ ಆನೆ ಇದ್ದ ಜಾಗದಲ್ಲಿ ಹರಿದ ಅರಿವೆಯಂಥದ್ದೇನನ್ನೋ ಮಾಡಿಕೊಟ್ಟಿತು.

ದಾರಿ ತೋರಿಸಿದ್ದು ತಿಳವಳ್ಳಿಯ ಒಬ್ಬ ಹೆಣ್ಣುಮಗಳು ಕಳಿಸಿದ ವಿಡಿಯೋ. ತನಗೆ ನಿಶ್ಚಯವಾದ ವರ್ಷ ಗಂಡಿನ ಮನೆಯಿಂದ ಬಂದ ತಟ್ಟೆಯ ಸುತ್ತ ಅವಳು ನಿಧಾನಕ್ಕೆ ಒಂದು ಸುತ್ತು ನಡೆದು ಅದನ್ನು ತೆಗೆದಿದ್ದಳು. ನಾನು ಫೋನ್ ಮಾಡಿ ಧನ್ಯವಾದ ಹೇಳಿದೆ.

"ಆವಾಗಾವಾಗ ನೋಡ್ತೇನ್ರಿ ಅದನ್ನ" ಎಂದಳು. "ನಮ್ಮ ಮನಿಯವರ ದನಿ ನಾ ಮೊದಲ ಸಲ ಕೇಳಿದ್ದು ಅದರಾಗ. ಹಿಂದ ಯಾರೋ ನಗ್ತಾರಲ್ರಿ, ಅವರ."

ಆ ವಿಡಿಯೋದಲ್ಲೂ ಆನೆ ಬೆಳ್ಳಗೇ ಇತ್ತು. ಆದರೆ ಅದರ ಕೆಳಗಿನ ಹಿತ್ತಾಳೆ ತಟ್ಟೆಗೆ ಕೆತ್ತನೆಯಿತ್ತು, ಸುತ್ತ ಸೇವಂತಿಗೆ ಹೂವಿದ್ದವು. ಆ ಗುರುತುಗಳಿಂದ ಫೋನು ಪ್ರತಿ ಕ್ಷಣ ಎಲ್ಲಿ ನಿಂತಿತ್ತು ಎಂದು ಕಂಪ್ಯೂಟರು ಹೇಳಿತು. ಫೋನಿನ ಜಾಗ ತಿಳಿದ ಮೇಲೆ ಆನೆಯ ಅಂಚು ವಿಡಿಯೋದ ಪ್ರತಿ ಚಿತ್ರದಲ್ಲಿ ಎಲ್ಲಿಯವರೆಗೆ ಬಂತು ಎಂದು ಗೆರೆ ಎಳೆದೆ. ಆ ಎಲ್ಲ ಗೆರೆಗಳೊಳಗೂ ಹಿಡಿಸುವ ಒಂದೇ ಆಕಾರ ಉಳಿಯಿತು. ಅದನ್ನು ನನ್ನ ಬಲಮಗ್ಗುಲಿಗೆ ಹಚ್ಚಿದಾಗ ಬೆನ್ನಿನ ಗೆರೆ ಬೆನ್ನಿಗೆ, ಸೊಂಡಿಲಿನ ಗೆರೆ ಸೊಂಡಿಲಿಗೆ ಕೂಡಿತು. ಅಂಚಿನ ಒಳಗಿನ ಉಬ್ಬುತಗ್ಗು, ಅಂದರೆ ಕಿವಿಯ ಮಡಿಕೆ, ಗಂಟೆ, ಕಣ್ಣು, ಇವನ್ನು ಉಳಿದ ಫೋಟೋಗಳಲ್ಲಿ ದೀಪದ ನೆರಳು ನೋಡುತ್ತ ಮೌಸಿನಿಂದ ನಾನೇ ತಿದ್ದಿದೆ. ಹಲ್ಲಿನ ಮೇಲಿನ ಸಣ್ಣ ಏರಿಳಿತವನ್ನು ದಿನಾ ತಿದ್ದುವ ಕೈಗೆ ಇದು ಪರಿಚಯದ ಕೆಲಸ.

ಎರಡನೆಯ ಗೊಂಬೆಯನ್ನು ಅವ್ವ ಬಹಳ ಹೊತ್ತು ಹಿಡಿದಿದ್ದಳು. ಹೆಬ್ಬೆರಳು ಗಂಟೆಯ ಮೇಲೆ ಬಂದು ನಿಂತಿತು.

"ಯಾರರ ನಮ್ಮ ಹಳೇ ಆನಿ ತಗದಿಟ್ಟಿದ್ರನ?" ಎಂದಳು.

"ಇಲ್ಲವಾ, ನಾ ಮಾಡೇನಿ."

ಅವಳು ನನ್ನ ಮುಖ ನೋಡಿದಳು, ಮತ್ತೆ ಗೊಂಬೆ ನೋಡಿದಳು. "ಹಲ್ಲ ಮಾಡೂದು ಅಂದ್ರ ಹಿಂಗನ?" ಎಂದು ಕೇಳಿದಳು. ಹೌದೆಂದೆ.

ಪ್ಲಾಸ್ಟಿಕ್ಕಿನ ಅಚ್ಚು ಕುದಿಯುವ ಪಾಕ ತಾಳುವುದಿಲ್ಲ, ಮರವೇ ಬೇಕು. ಹಾನಗಲ್ಲಿನಲ್ಲಿ ಬಾಗಿಲಿಗೆ ಹೂಬಳ್ಳಿ ಕೊರೆಯುವ ಯಂತ್ರ ಇಟ್ಟುಕೊಂಡ ಬಡಿಗರೊಬ್ಬರಿದ್ದಾರೆ. ನನ್ನ ಫೈಲು ಹಾಕಿ ಸಾಗವಾನಿ ಹಲಗೆಯಲ್ಲಿ ಎಡ ಹೋಳು ಕೊರೆದರು. ಯಂತ್ರದ ಮೊನೆ ಇಳಿಯದ ಸಂದುಗಳನ್ನು ಉಳಿಯಿಂದ ತೆಗೆದುಕೊಟ್ಟರು. ಹಳೆಯ ಹೋಳಿನ ಪಕ್ಕ ಇಟ್ಟಾಗ ಹೊಸದು ಬಿಳಿಚಿಕೊಂಡು ಕಂಡಿತು, ಆದರೆ ಅಂಚಿಗೆ ಅಂಚು ಬಿಗಿಯಾಗಿ ಕುಳಿತಿತು.

ಹಬ್ಬಕ್ಕೆ ಒಂದು ವಾರವಿರುವಾಗ ಅವ್ವ ಎರಡೂ ಹೋಳು ನೀರಿನಲ್ಲಿ ನೆನೆಹಾಕಿದಳು. ನೆನೆಯದ ಮರಕ್ಕೆ ಸಕ್ಕರೆ ಅಂಟುತ್ತದೆ. ಪಾಕಕ್ಕೆ ಹಾಲು ಹಾಕಿ ಕಲ್ಮಶ ತೆಗೆದು, ಬೆಳ್ಳಗಾಗುವ ತನಕ ತಿರುವಿ ಹೊಯ್ದಳು. ಆರಿದ ಮೇಲೆ ಬಿಚ್ಚಿದಾಗ ಆನೆಯ ಎಡಗಿವಿ ಅಚ್ಚಿನಲ್ಲೇ ಉಳಿಯಿತು.

ಅವ್ವ ನನ್ನ ಕಡೆ ನೋಡಿದಳು. ನನಗೆ ಕಾರಣ ತಕ್ಷಣ ತಿಳಿಯಿತು. ಬಿಚ್ಚಿದ ಕಿವಿಯ ಹಿಂದೆ ಅಚ್ಚಿನ ಕುಳಿ, ಸಕ್ಕರೆ ಕೊಕ್ಕೆಯಂತೆ ಸಿಕ್ಕಿಕೊಳ್ಳುವಷ್ಟು, ಒಳಸರಿದಿತ್ತು. ಹಲ್ಲಿಗಾದರೆ ನಾನು ಮೊದಲು ನೋಡುವುದೇ ಅದನ್ನು. ಸಿಕ್ಕಿಕೊಂಡರೆ ಹಲ್ಲಿನ ಮೇಲೆ ಕೂಡಿಸುವ ಟೋಪಿ ಕೆಳಗಿಳಿಯುವುದಿಲ್ಲ. ಆನೆಯ ಚೆಂದದಲ್ಲಿ ಮರೆತಿದ್ದೆ. ಉಳಿ, ಉಜ್ಜುಕಾಗದ ತಂದು ಆ ಅಂಚನ್ನು ಹೊರಕ್ಕೆ ಇಳಿಜಾರು ಮಾಡಿದೆ. ಅವ್ವ ಮುರಿದ ಆನೆಯನ್ನು ಮತ್ತೆ ಕಡಾಯಿಗೆ ಹಾಕಿದಳು.

ಎರಡನೆಯದು ಇಡಿಯಾಗಿ ಬಂತು. ಎಡಕ್ಕೆ ಮುಖ ತಿರುವಿ, ಕಿವಿ ಬಿಚ್ಚಿ, ಗಂಟೆ ತೂಗಿಸಿಕೊಂಡು ಅವ್ವನ ಅಂಗೈ ಮೇಲೆ ನಿಂತಿತು. ಅವಳು ಅದನ್ನು ಮಾರಲು ಇಡಲಿಲ್ಲ. ದೇವರ ಮುಂದೆ ಇಟ್ಟು ಬಂದು, "ಇನ್ನೊಂದ ಹೊಯ್ಯೂಣು, ಹುರಿ ಕೊಡು" ಎಂದಳು.

ಹುಣ್ಣಿಮೆಯ ಹಿಂದಿನ ಸಂತೆಗೆ ಅವಳ ಜೊತೆ ನಾನೂ ಹಿರೇಕೆರೂರಿಗೆ ಹೋದೆ. ಆನೆಗಳ ಮುಂದೆ ಹೆಣ್ಣುಮಕ್ಕಳು ಗುಂಪುಗೂಡಿದ್ದರು. ವಯಸ್ಸಾದ ಗಿರಾಕಿಯೊಬ್ಬರು ಒಂದನ್ನು ಎತ್ತಿ ಹೊರಳಿಸಿ ನೋಡಿ, "ಅಚ್ಚು ಹಾಳಾಗೇತಿ ಅಂದಿದ್ರಿ. ಯಾವ ಬಡಿಗ್ಯಾ ಮಾಡಿಕೊಟ್ಟ?" ಎಂದು ಕೇಳಿದರು.

"ನನ್ನ ಮಗಳ್ರಿ" ಎಂದಳು ಅವ್ವ. "ಹಾನಗಲ್ಲಾಗ ಹಲ್ಲ ಮಾಡ್ತಾಳ."

ಅವರಿಗೆ ಅರ್ಥವಾಗಲಿಲ್ಲ. ಅವ್ವನಿಗೆ ಬೇಕಾಗಿದ್ದೂ ಅದೇ. ತಕ್ಕಡಿ ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಗೆದ್ದಲಿನಿಂದ ಶುರುಮಾಡಿ ತಿಳವಳ್ಳಿಯ ವಿಡಿಯೋವರೆಗೆ ಹೇಳುತ್ತ ಹೋದಳು. ಅವಳ ಮಾತಿನಲ್ಲಿ ಸ್ಕ್ಯಾನರು ಕೋಣೆಯಷ್ಟು ದೊಡ್ಡದಾಗಿತ್ತು, ಫೋಟೋಗಳು ಸಾವಿರ ದಾಟಿದ್ದವು, ಕಿವಿ ಮುರಿದ ಸಂಗತಿ ಬರಲೇ ಇಲ್ಲ. ನಾನು ತಿದ್ದಲಿಲ್ಲ. ಆನೆ ತೂಗಿ ತೂಗಿ ಕೊಡುತ್ತ, ಅವಳು ಹೇಳುವುದನ್ನು ಕೇಳುತ್ತ ನಿಂತಿದ್ದೆ.