ಬಾಗಿಲ ಪಕ್ಕದ ಕುರ್ಚಿಯ ಮೇಲಿನ ಟವಲ್

ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡುತ್ತ, ಕಿಟಕಿಯೊಳಗೆ ಟವಲ್ ಒಗೆದು ಸೀಟು ಹಿಡಿಯುವ ವಿದ್ಯೆ ಎಪ್ಪತ್ತು ದಾಟಿದರೂ ನನಗೆ ಬಂದಿಲ್ಲ. ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರುಗಳು ನೀರಿನ ನಲ್ಲಿಗೂ ಕ್ಯೂ, ಪ್ರೇಯರ್ ಹಾಲಿಗೂ ಕ್ಯೂ, ಕ್ರಿಸ್‌ಮಸ್ ಕೇಕಿಗೂ ಕ್ಯೂ ನಿಲ್ಲಿಸುತ್ತಿದ್ದರು. 'ವೇಟ್ ಫಾರ್ ಯುವರ್ ಟರ್ನ್, ಚೈಲ್ಡ್' ಎಂಬ ಮಾತು ಮೈಯಲ್ಲಿ ಹೊಕ್ಕು ಕೂತುಬಿಟ್ಟಿತು. ಮದುವೆಯಾಗಿ ವಿಜಯಪುರಕ್ಕೆ ಬಂದ ಮೇಲೆ, ಗಂಡನ ಊರು ಬಬಲೇಶ್ವರಕ್ಕೆ ಹೋಗುವಾಗಲೆಲ್ಲ ಆ ಡಿಸಿಪ್ಲಿನ್ನಿನ ಫಲವಾಗಿ ನಾನು ನಿಂತೇ ಹೋಗುತ್ತಿದ್ದೆ.

ಆಮೇಲೆ ನನ್ನ ಮೈದುನನಿಗೆ ಮದುವೆಯಾಯಿತು, ನನಗೊಬ್ಬಳು ನೆಗೆಣ್ಣಿ ಬಂದಳು. ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಟವಲ್ ಬೀಸಿದಳೆಂದರೆ ಅದು ಮೂರನೆಯ ಸೀಟಿನ ಮೇಲೆ ಹಾಸಿದ ಹಾಗೆ ಬೀಳುತ್ತಿತ್ತು. ಅಂದಿನಿಂದ ನನಗೆ ಸೀಟು ಸಿಗತೊಡಗಿತು. ಇದು ನಮ್ಮ ಕಡೆಯ ಕಾಯಿದೆ. ಟವಲ್ ಬಿದ್ದ ಸೀಟಿನಲ್ಲಿ ಮತ್ತೊಬ್ಬರು ಕೂಡುವುದಿಲ್ಲ. ಯಾರ ಟವಲ್ ಮೊದಲು ಬಿತ್ತು ಎಂದು ಜಗಳ ಆಡಿಯಾರು, ಕೊರಳಪಟ್ಟಿ ಹಿಡಿದಾರು, ಆದರೆ ಟವಲ್ ಸರಿಸಿ ಕೂತವರನ್ನು ನಾನು ನೋಡಿಲ್ಲ. ಮೊದಮೊದಲು ಇದನ್ನೆಲ್ಲ 'ಸೋ ಅನ್‌ಸಿವಿಲೈಸ್ಡ್' ಎಂದುಕೊಂಡು ನಗುತ್ತಿದ್ದೆ. ಕೂತುಕೊಂಡೇ ನಗುತ್ತಿದ್ದೆ, ಅದೂ ನಿಜ.

ಹೋದ ವರ್ಷ ಒಂದು ಸಂಜೆ ಬಬಲೇಶ್ವರದಿಂದ ಅವಳ ಫೋನು ಬಂತು. ಆರಾಮೇನ್ರಿ, ಊಟಾ ಆತೇನ್ರಿ ಎಂಬ ಪೀಠಿಕೆಯಿಲ್ಲದೆ ಅವಳು ಮಾತಾಡಿದ್ದು ಅದೇ ಮೊದಲು.

"ಅಕ್ಕಾರ, ನಿನ್ನೆಯಿಂದ ಎಡಗಣ್ಣಾಗ ಯಾರೋ ಕರೇ ಪರದೆ ಇಳಿಬಿಟ್ಟಂಗ ಆಗೇತ್ರಿ. ಒಲಿ ಮುಂದ ಕುಂತ್ರ ಅರ್ಧಾ ರೊಟ್ಟಿ ಕಾಣತೈತಿ, ಅರ್ಧಾ ಕಾಣಂಗಿಲ್ಲ."

ಈ ಪರದೆ ನನಗೆ ಗೊತ್ತಿತ್ತು. ನನ್ನ ಗಂಡನ ಕಣ್ಣಿಗೂ ಇದೇ ಇಳಿದಿತ್ತು. ಅವರು ಬ್ಯಾಂಕಿನಲ್ಲಿದ್ದವರು, ನಿಯಮದ ಮನುಷ್ಯ. ಫೋನು ಮಾಡಿದಾಗ ಆಸ್ಪತ್ರೆಯವರು ಕೊಟ್ಟ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನದವರೆಗೆ ಶಾಂತವಾಗಿ ಕಾದರು. ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೇಳಿದ ವೇಳೆಗಿಂತ ಮುಂಚೆಯೇ ಹೋಗಿ ಕೂತರು. ಡಾಕ್ಟರು ಲೈಟು ಹಾಕಿ ನೋಡಿ, ಕಣ್ಣಿನ ಹಿಂದಿನ ರೆಟಿನಾ ಪೂರ್ತಿ ಕಳಚಿಕೊಂಡಿದೆ, 'ಇಫ್ ಓನ್ಲಿ ಯು ಹ್ಯಾಡ್ ಕಮ್ ಅರ್ಲಿಯರ್' ಎಂದರು. ಆಮೇಲೆ ಕೊನೆಯ ತನಕ ಅವರು ಒಂದೇ ಕಣ್ಣಿನಲ್ಲಿ ಪೇಪರು ಓದಿದರು. ಆಸ್ಪತ್ರೆಯನ್ನಾಗಲಿ ತಾರೀಖನ್ನಾಗಲಿ ಅವರು ಬೈದದ್ದು ನಾನು ಕೇಳಲಿಲ್ಲ.

ಫೋನು ಕೆಳಗಿಟ್ಟವಳೇ ನಾನು ವಿಜಯಪುರದ ಕಣ್ಣಿನ ಆಸ್ಪತ್ರೆಗೆ ಫೋನು ಹಚ್ಚಿದೆ. ಇಂಗ್ಲಿಷಿಗೆ ಒಂದು ಒತ್ತಿರಿ ಎಂದಿತು, ಒತ್ತಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಂದು ಹುಡುಗಿ ಬಂದಳು. ನನ್ನ ಹತ್ತಿರ ಇರುವ ಅತ್ಯುತ್ತಮ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದೆ. ಅವಳು ಮರ್ಯಾದೆಯಿಂದಲೇ ಹೇಳಿದಳು, ರೆಟಿನಾ ಡಾಕ್ಟರು ಹೊರಗಿನಿಂದ ವಾರಕ್ಕೊಮ್ಮೆ ಬರುತ್ತಾರೆ, ಅಪಾಯಿಂಟ್‌ಮೆಂಟು ಮುಂದಿನ ತಿಂಗಳಿಗೆ ಸಿಕ್ಕೀತು. ಇದು ಎಮರ್ಜೆನ್ಸಿ ಎಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಮೇಡಂ ಎಂದಳು. ಅವಳದೂ ತಪ್ಪಲ್ಲ. ಮಗಳು ತನ್ನ ಮೊಬೈಲಿನ ಆ್ಯಪ್ ತೆಗೆದು ತೋರಿಸಿದಳು, ತಿಂಗಳಿಡೀ ತಾರೀಖುಗಳು ಬೂದಿಬಣ್ಣಕ್ಕೆ ತಿರುಗಿ ಕೂತಿದ್ದವು. ಒಂದೇ ದಾರಿ ಉಳಿದಿತ್ತು. ಡಾಕ್ಟರು ಬರುವ ದಿನ ಮರುದಿನವೇ ಇತ್ತು, ಬೆಳಿಗ್ಗೆ ಹೋಗಿ ನಿಂತವರಿಗೆ ಕೆಲವು ಟೋಕನ್ ಕೊಡುತ್ತಾರಂತೆ. ಬೆಳಿಗ್ಗೆಯೇ ಆಸ್ಪತ್ರೆಗೆ ಬಂದುಬಿಡು ಎಂದು ನೆಗೆಣ್ಣಿಗೆ ತಿಳಿಸಿದೆ.

ಮರುದಿನ ನನ್ನ ಆಟೋ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೌಂಟರಿನ ಮುಂದೆ ಸಾಲು ಬಾಗಿಲು ದಾಟಿ ಹೊರಗೆ ಬಂದಿತ್ತು. ನಾನು ಕೊನೆಯಲ್ಲಿ ನಿಂತೆ. ಸರದಿ ಬಂದಾಗ ಟೋಕನ್ ಮುಗಿದಿದ್ದವು. ಕೈಗೆ ಬಂದದ್ದು ವೇಟಿಂಗ್ ಎಂದು ಬರೆದ ಒಂದು ಚೀಟಿ. ಸಂಜೆಗೆ ಸಮಯ ಉಳಿದರೆ ನೋಡುತ್ತಾರೆ, ಇಲ್ಲದಿದ್ದರೆ ಮುಂದಿನ ವಾರ ಬರಬೇಕು. ಮುಂದಿನ ವಾರ! ಇಸ್ತ್ರಿ ಮಾಡಿದ ಆ ಅಂಗಿ ಕಣ್ಣಮುಂದೆ ಬಂತು.

ನೆಗೆಣ್ಣಿ ಹೊರಗೆ ಚಹಾದ ಗಾಡಿಯ ಹತ್ತಿರ ನಿಂತಿದ್ದಳು. ಮೈದುನ ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕಿ ಬರುವವನಿದ್ದ, ಇವಳು ಮೊದಲ ಬಸ್ಸಿಗೆ ಒಬ್ಬಳೇ ಬಂದಿದ್ದಳು, ನನಗಿಂತ ಎಷ್ಟೋ ಮುಂಚೆ. ಚೀಟಿ ತೋರಿಸಿ ವಿಷಯ ಹೇಳಿದೆ. ಅವಳು ಗಾಬರಿಯಾಗಲಿಲ್ಲ. ಅದಕ್ಯಾಕ ಚಿಂತಿ, ನಾನು ಆಗಲೇ ಜಾಗಾ ಹಿಡಿದೀನಿ, ಬರ್ರಿ ಎಂದು ನನ್ನ ರಟ್ಟೆ ಹಿಡಿದು ಒಳಗೆ ನಡೆದಳು.

ಒಳಗಿನ ಹಾಲ್ ಜನರಿಂದ ತುಂಬಿ ತುಳುಕುತ್ತಿತ್ತು. ಟಿಕೋಟಾದವರು, ತೊರವಿಯವರು, ಮಮದಾಪುರದವರು, ನಗರದ ಓಣಿಗಳವರು, ಗೋಡೆಗೆ ಒರಗಿದವರು, ನೆಲದ ಮೇಲೆ ಕೂತವರು. ಆದರೆ ಡಾಕ್ಟರ ಬಾಗಿಲ ಪಕ್ಕದ ಮೊದಲ ಕುರ್ಚಿ ಖಾಲಿ ಇತ್ತು. ಅದರ ಮೇಲೆ ನನ್ನ ಮೈದುನನ ಕೆಂಪಂಚಿನ ಟವಲ್ ನೀಟಾಗಿ ಹಾಸಿತ್ತು.

ಬೆಳಿಗ್ಗೆ ಕಸ ಹೊಡೆಯುವವರು ಬಾಗಿಲು ತೆಗೆದಾಗಲೇ ಒಳಗೆ ಬಂದು ಹಾಸಿದಳಂತೆ. ಅಷ್ಟು ಹೊತ್ತು, ಅಷ್ಟು ಜನರ ನಡುವೆ, ಆ ಕುರ್ಚಿಯ ಮೇಲೆ ಒಬ್ಬರೂ ಕೂತಿರಲಿಲ್ಲ. ಪಕ್ಕದಲ್ಲಿ ಮಮದಾಪುರದ ಒಬ್ಬಾಕೆ ಮೊಣಕಾಲು ಹಿಡಿದುಕೊಂಡು ನಿಂತಿದ್ದಳು. ಕೂಡಬಾರದಿತ್ತೇ ಎಂದು ಕೇಳಿದೆ.

"ಟವಲ್ ಹಾಕ್ಯಾರಲ್ರಿ. ಹೆಂಗ ಕುಂಡ್ರಲಿ?" ಎಂದಳು, ನಾನೇ ಏನೋ ತಿಳಿಗೇಡಿ ಎನ್ನುವ ಹಾಗೆ.

ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ನೆಗೆಣ್ಣಿಯ ಕಿವಿಯ ಹತ್ತಿರ ಬಗ್ಗಿ, ಇದು ಬಸ್ ಅಲ್ಲ ಬೇ, ಇಲ್ಲಿ ಕುರ್ಚಿ ಹಿಡಿದರೆ ನಡೆಯುವುದಿಲ್ಲ, ನಂಬರ್ ಬೇಕು ಎಂದೆ. ಅವಳು ಟವಲ್ ಮಡಿಚಿ ತೊಡೆಯ ಮೇಲಿಟ್ಟು ಕೂತಳು.

"ಬಾಗಲಾ ಅಂತೂ ಇದ ಅಲ್ರಿ? ಡಾಕ್ಟರು ಕಿಡಕ್ಯಾಗಿಂದ ಅಂತೂ ಬರಂಗಿಲ್ಲ."

ಡಾಕ್ಟರು ಬಂದರು, ಒಳಗೆ ಹೋದರು. ಬಾಗಿಲಲ್ಲಿ ನಿಂತ ನರ್ಸು ಒಂದನೇ ನಂಬರ್ ಎಂದು ಕರೆದಳು. ಎದುರು ಸಾಲಿನಿಂದ ಬಿಳಿ ಗಡ್ಡದ, ಟೋಪಿ ಹಾಕಿದ ಹಿರಿಯರೊಬ್ಬರು ಎದ್ದರು. ಟಿಕೋಟಾದ ಒಣದ್ರಾಕ್ಷಿ ವ್ಯಾಪಾರದವರು ಎಂದು ಆಮೇಲೆ ತಿಳಿಯಿತು. ಹಿಂದಿನ ದಿನವೇ ಬಂದು ಬೀಗರ ಮನೆಯಲ್ಲಿ ಉಳಿದು, ನಸುಕಿನಲ್ಲಿ ನಿಂತು ಆ ಮೊದಲ ನಂಬರ್ ಪಡೆದವರು. ಅವರು ಬಾಗಿಲವರೆಗೆ ಬಂದು, ಕುರ್ಚಿಯಲ್ಲಿ ಕೂತವಳನ್ನೂ ಟವಲನ್ನೂ ನೋಡಿದರು. ಏನು ತ್ರಾಸು ಎಂದು ವಿಚಾರಿಸಿದರು. ಇವಳು ಅರ್ಧ ರೊಟ್ಟಿಯ ಕಥೆ ಹೇಳಿದಳು.

ಅವರು ತಮ್ಮ ಕಣ್ಣಿನ ಕಡೆ ಬೆರಳು ಮಾಡಿದರು. "ನನಗೂ ಹಿಂಗ ಪರದೆ ಇಳದಿತ್ರಿ ತಂಗಿ. ಆಪ್ರೇಶನ್ ಆಗೇತಿ, ಈಗ ಬರೇ ತೋರಿಸಾಕ ಬಂದೇನಿ. ಇದು ನಾಳೆ ಅನ್ನೂ ರೋಗ ಅಲ್ಲ. ನೀವ ಮೊದಲ ಹೋಗ್ರಿ."

ನರ್ಸು ಒಪ್ಪಲಿಲ್ಲ. ನಂಬರಿದ್ದವರು ಹೋಗಬೇಕು, ಒಬ್ಬರನ್ನು ಬಿಟ್ಟರೆ ಇಷ್ಟು ಜನ ಸುಮ್ಮನಿರುತ್ತಾರೆಯೇ, ಬೈಗಳ ತಿನ್ನುವವಳು ತಾನು ಎಂದಳು. ಅವಳ ಮಾತಿನಲ್ಲಿಯೂ ನ್ಯಾಯವಿತ್ತು. ಆಗ ಮಮದಾಪುರದಾಕೆ ಮೊಣಕಾಲು ಬಿಟ್ಟು ನೆಟ್ಟಗಾದಳು.

"ಬೈಯೋರು ಯಾರದಾರ ಕೇಳ್ರಿ ಸಿಸ್ಟರ್. ಆಗಲಿಂದ ಆ ಟವಲ್‌ನ ಕಾಯಾಕತ್ತೇವಿ ನಾವು. ಈಗ ಟವಲ್ಲಿನ ಧಣಿ ಬಂದಾಳ, ಹೋಗಾಕಿನ ಆಕಿ."

ಹಾಲ್‌ನ ತುಂಬ ನಗು ಎದ್ದಿತು. ಹಿಂದಿನಿಂದ ಯಾರೋ, ಹೋಗ್ಲಿ ಬಿಡ್ರಿ, ಬಸ್ ಬಿಡ್ರಿ ರೈಟ್ ಎಂದರು. ಒಬ್ಬರೂ ತಕರಾರು ಎತ್ತಲಿಲ್ಲ. ಟಿಕೋಟಾದ ಹಿರಿಯರು ತಮ್ಮ ಟೋಕನ್ ನನ್ನ ಕೈಗಿಟ್ಟು, ನನ್ನ ಕೈಯಲ್ಲಿದ್ದ ವೇಟಿಂಗ್ ಚೀಟಿಯನ್ನು ತಾವೇ ಇಸಿದುಕೊಂಡರು. ನಾನು ಥ್ಯಾಂಕ್ಸ್ ಎನ್ನುವಷ್ಟರಲ್ಲಿ ನೆಗೆಣ್ಣಿ ಟವಲ್ ಕುರ್ಚಿಗೆ ಮತ್ತೆ ಹಾಸಿ, ಒಳಗೆ ನಡೆದಿದ್ದಳು.

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್, ಅರ್ಧಂಬರ್ಧ ಹಿಂದಿ. ಫೋನಿನಲ್ಲಿ ನೆಲಕಚ್ಚಿದ ನನ್ನ ಕಾನ್ವೆಂಟ್ ಇಂಗ್ಲಿಷ್ ಇಲ್ಲಿ ಎದ್ದು ನಿಂತಿತು. ಪರದೆಗಿಂತ ಮೊದಲು ಫ್ಲೋಟರ್ಸ್, ಅಂದರೆ ತೇಲುವ ಕಪ್ಪು ಚುಕ್ಕೆಗಳು, ಕಂಡವೇ ಎಂದು ಕೇಳಿದರು. ಕಣ್ಣ ಮುಂದ ಸೊಳ್ಳಿ, ಗುಂಗಾಡ ಹಾರಿದಂಗ ಆಗಿತ್ತೇನು ಎಂದು ನಾನು ಇವಳನ್ನು ಕೇಳಿದೆ.

"ಆಗಿತ್ರಿ. ಖರೇ ಗುಂಗಾಡ ಅಂತ ತಿಳದು ಎರಡ ದಿನಾ ಸೆರಗಿಲೆ ಹೊಡಕೋತ ಕುಂತಿದ್ದೆ."

ಅದನ್ನು ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಡಾಕ್ಟರು ನಕ್ಕರು. ಕಣ್ಣಿಗೆ ಹನಿ ಹಾಕಿಸಿ, ಸ್ವಲ್ಪ ಹೊತ್ತು ಬಿಟ್ಟು ಹಣೆಗೆ ಲೈಟು ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ರೆಟಿನಾದ ಅಂಚು ಕಳಚಿದೆ, ನಡುಭಾಗ ಇನ್ನೂ ಹಿಡಿದುಕೊಂಡಿದೆ, ಅದು ಬಿಡುವ ಮೊದಲು ಇವತ್ತೇ ಆಪರೇಷನ್ ಮಾಡುತ್ತೇನೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಯು ಹ್ಯಾವ್ ಕಮ್ ಇನ್ ಟೈಮ್," ಎಂದರು.

ಇಷ್ಟೇ ಶಬ್ದಗಳು. ಒಂದು ಕಾಲಕ್ಕೆ ಇವನ್ನು ಕೇಳಲು ನಾನೂ ನನ್ನವರೂ ಅದೆಷ್ಟು ಆಸೆಯಿಂದ ಹೋಗಿದ್ದೆವು. ಅದನ್ನು ಕನ್ನಡದಲ್ಲಿ ಹೇಳಲು ನಾನು ತಿರುಗುವಷ್ಟರಲ್ಲೇ ನೆಗೆಣ್ಣಿ ನನ್ನ ಕೈ ಒತ್ತಿದಳು. ಅವಳಿಗೆ ಅರ್ಥವಾಗಿತ್ತು.

ಏಳುವಾಗ ನಾನು ಡಾಕ್ಟರಿಗೆ, ಹೊರಗಿರುವ ಹಿರಿಯರೊಬ್ಬರು ತಮ್ಮ ಸರದಿ ನಮಗೆ ಬಿಟ್ಟರು ಎಂದು ತಿಳಿಸಿದೆ. ಹಾಗಾದರೆ ಮುಂದಿನವರಾಗಿ ಅವರೇ ಬರಲಿ ಎಂದರು ಡಾಕ್ಟರು. ನಾನು ಹಿಗ್ಗಿನಿಂದ ಹೊರಗೆ ಬಂದು ಕರೆದೆ. ಹಿರಿಯರು ಏಳಲಿಲ್ಲ. ನೀವು ತುರ್ತು ಇತ್ತಂತ ಹೋದ್ರಿ, ನನಗೇನು ತುರ್ತು ಐತಿ, ಎರಡನೇ ನಂಬರಿನವರು ಏನು ಪಾಪ ಮಾಡ್ಯಾರ ಎಂದು ವೇಟಿಂಗ್ ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಸಂಜೆಯವರೆಗೆ ಕೂತು, ಕೊನೆಯವರಾಗಿ ತೋರಿಸಿಕೊಂಡು ಟಿಕೋಟಾ ಬಸ್ಸಿಗೆ ಹೋದರು. ಕ್ಯೂ ಎಂದರೇನು ಎಂದು ಕಲಿಸಿದ ನನ್ನ ಸಿಸ್ಟರುಗಳು ಇದ್ದಿದ್ದರೆ ಅವರಿಗೆ ಈ ಜನರನ್ನು ತೋರಿಸಬೇಕಿತ್ತು. ಇವರು ನಮ್ಮವರು ಎಂದು ಎದೆ ಉಬ್ಬಿಸಿ ಹೇಳುತ್ತಿದ್ದೆ.

ನಾವು ಹೊರಗೆ ಬಂದಾಗಲೂ ಆ ಕುರ್ಚಿ ಮಾತ್ರ ಖಾಲಿ ಇತ್ತು. ನೆಗೆಣ್ಣಿ ಟವಲ್ ಎತ್ತಿ ಹೆಗಲಿಗೆ ಹಾಕಿಕೊಂಡ ಮೇಲೆ ಮಮದಾಪುರದಾಕೆ, ಈಗರ ಕುಂಡ್ರಬಹುದಲ್ರಿ ಎಂದು ಕೇಳಿ, ಉಸ್ಸೆಂದು ಕೂತಳು.

ಆಪರೇಷನ್ ಆಯಿತು. ಕಣ್ಣಲ್ಲಿ ಗ್ಯಾಸು ತುಂಬಿದ್ದಾರೆ, ಕೆಲವು ದಿನ ಮುಖ ಕೆಳಗೆ ಮಾಡಿಯೇ ಇರಬೇಕು ಎಂದರು. ಬಬಲೇಶ್ವರಕ್ಕೆ ಕಳಿಸದೆ ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಯಾರಿಗೂ ತಲೆ ತಗ್ಗಿಸದ ಹೆಂಗಸು ಅವಳು. ಅತ್ತೆಯ ಮುಂದೆಯೂ ಇಷ್ಟು ತಲೆ ತಗ್ಗಿಸಿಲ್ಲ ಎಂದು ದಿಂಬಿನೊಳಗಿಂದಲೇ ಗೊಣಗುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಪೇಪರು ಓದಿ ಹೇಳುತ್ತಿದ್ದೆ. ನನ್ನವರು ಒಂದೇ ಕಣ್ಣಲ್ಲಿ ಓದುತ್ತಿದ್ದ ಅದೇ ಕುರ್ಚಿಯಲ್ಲಿ ಕೂತು.

ಡಾಕ್ಟರು ಪರವಾನಗಿ ಕೊಟ್ಟ ದಿನ ಅವಳನ್ನು ಊರಿಗೆ ಮುಟ್ಟಿಸಲು ಬಸ್ ಸ್ಟ್ಯಾಂಡಿಗೆ ಹೋದೆವು. ಅವಳು ಓಡುವಂತಿಲ್ಲ, ಜನರ ನೂಕಾಟದಲ್ಲಿ ಸಿಗುವಂತಿಲ್ಲ. ಬಸ್ಸು ಬಂತು. ಕೆಂಪಂಚಿನ ಟವಲನ್ನು ನನ್ನ ಕೈಗೆ ಕೊಟ್ಟು, ಒಗೀರಿ ಅಕ್ಕಾರ ಎಂದಳು. ಸಿಸ್ಟರುಗಳನ್ನು ಮನಸ್ಸಿನಲ್ಲಿ ನೆನೆದು ಒಗೆದೆ. ಅದು ಸೀಟಿಗೆ ಮುಟ್ಟದೆ ಬಸ್ಸಿನ ನೆಲಕ್ಕೆ ಬಿದ್ದದ್ದು ಕಿಟಕಿಯಿಂದಲೇ ಕಾಣಿಸಿತು. ಕೊನೆಯವರಾಗಿ ಹತ್ತಿ ನೋಡಿದರೆ ಯಾರೋ ಅದನ್ನು ಎತ್ತಿ, ಝಾಡಿಸಿ, ಇಬ್ಬರ ಸೀಟಿನ ಮೇಲೆ ಹಾಸಿ ಇಟ್ಟಿದ್ದರು.

ಬಬಲೇಶ್ವರದ ಮನೆಯಲ್ಲಿ ಅವಳನ್ನು ಒಲೆಯ ಹೊಗೆಯಿಂದ ದೂರ ಕೂಡಿಸಿ, ನಾನೇ ರೊಟ್ಟಿ ಬಡಿದೆ. ಮೊದಲ ರೊಟ್ಟಿಯನ್ನು ತಾಟಿಗೆ ಹಾಕಿ ಮುಂದಿಟ್ಟಾಗ ಅವಳು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣಿನಿಂದ ಬಹಳ ಹೊತ್ತು ಅದನ್ನು ನೋಡಿದಳು. ಮೈದುನ ಬಾಗಿಲಲ್ಲೇ ನಿಂತ. ನಾನು ಹಿಟ್ಟಿನ ಕೈಯಲ್ಲೇ ಕಾದೆ.

"ಪೂರಾ ಕಾಣತೈತ್ರಿ ಅಕ್ಕಾರ," ಎಂದಳು. "ಸೊಟ್ಟ ಐತಿ. ಆದ್ರ ಅದು ಕಣ್ಣಿನ ತಪ್ಪಲ್ಲ ಬಿಡ್ರಿ."